ಎಡಕ್ಕೆ ಮಾತ್ರ ತಿರುಗುವ ಸೈಕಲ್ಲು

ಆಳಂದ, ಅಫಜಲಪುರ, ಜೇವರ್ಗಿ ಮೂರೂ ನೋಡನೋಡುತ್ತಲೇ ಬೆಳೆದುಬಿಟ್ಟವು. ಹೋದ ವರ್ಷ ತೊಗರಿ ನಿಂತಿದ್ದ ಹೊಲದಲ್ಲಿ ಈ ವರ್ಷ ಪ್ಲಾಟಿನ ಕಲ್ಲು ನಿಂತಿದ್ದವು. ಮನೆಗೊಂದು ಇದ್ದ ಬೈಕು ಆಳಿಗೊಂದಾಗಿತ್ತು. ಹೀಗೇ ಬಿಟ್ಟರೆ ದೊಡ್ಡ ಶಹರದ ಹೊಗೆಯೆಲ್ಲ ಇಲ್ಲಿಗೂ ಬಂದೀತೆಂದು ಈ ಮೂರು ಪಟ್ಟಣಗಳಿಗೂ ಕಡಿಮೆ ಇಂಗಾಲದ ಸಂಚಾರ ಯೋಜನೆ ತಯಾರಿಸಬೇಕೆಂದು ಮೇಲಿನವರು ತೀರ್ಮಾನ ಮಾಡಿದರು. ನಾನು ನಗರ ಯೋಜನೆ ಓದಿದವಳು, ನರೋಣಾದಲ್ಲಿ ಹುಟ್ಟಿ ಆಳಂದಕ್ಕೆ ಸೊಸೆಯಾಗಿ ಬಂದವಳು. ಈ ಕಡೆಯ ಜನರ ಮಾತು ಇವಳಿಗೆ ತಿಳಿಯುತ್ತದೆ ಎಂದು ಕೆಲಸವನ್ನು ನನಗೆ ವಹಿಸಿದರು.

ಜನರ ಮಾತು ನನಗೆ ತಿಳಿಯುತ್ತಿತ್ತು, ನಿಜ. ನನ್ನ ಮಾತು ಜನರಿಗೆ ತಿಳಿಯಲಿಲ್ಲ.

ಮೊದಲು ಮಾಡಬೇಕಾದದ್ದು ಸಮೀಕ್ಷೆ. ಯಾರು ಎಲ್ಲಿಗೆ, ಯಾವುದರಲ್ಲಿ, ಯಾಕೆ ಹೋಗುತ್ತಾರೆ ಎಂದು ಕೇಳಿ ಬರೆದುಕೊಳ್ಳುವುದು. ಆಳಂದದಲ್ಲಿ ಕಾಳಿನ ದಲ್ಲಾಳಿ ಅಂಗಡಿ ಇಟ್ಟ ಒಬ್ಬ ಅಡತ್ ವ್ಯಾಪಾರಿಗೆ ಇಂಗಾಲ ಎಂದೆ. ತಿಳಿಯಲಿಲ್ಲ. ಕಾರ್ಬನ್ ಎಂದೆ. ಅವರ ಮುಖ ಅರಳಿತು. "ಕಾರ್ಬನ್ ಬಿಟ್ಟು ಭಾಳ ದಿನ ಆತ್ರಿ ಮೇಡಂ. ಈಗ ನಮ್ಮಲ್ಲಿ ಎಲ್ಲಾ ಕಂಪ್ಯೂಟರ್ ಬಿಲ್" ಎಂದರು. ಬಿಲ್ಲಿನ ಪುಸ್ತಕದೊಳಗೆ ಇಡುವ ನೀಲಿ ಹಾಳೆಯನ್ನು ನಿಲ್ಲಿಸಲು ಸರಕಾರ ನನ್ನನ್ನು ಕಳಿಸಿದೆ ಎಂದು ಅವರು ತಿಳಿದಿದ್ದರು.

ಅಫಜಲಪುರದ ಬಸ್ ನಿಲ್ದಾಣದಲ್ಲಿ ಗಂಟು ಹಿಡಿದು ನಿಂತಿದ್ದ ಒಬ್ಬ ಅಜ್ಜಿಯನ್ನು ಮಾತಾಡಿಸಿದೆ.

"ಎಲ್ಲಿಗೆ ಹೊಂಟೀರವ್ವಾ?"

"ಮಗಳ ಮನಿಗಿ."

"ಯಾವದ್ರಾಗ ಹೋಗ್ತೀರಿ?"

"ಸಿಟ್ಟಿನಾಗ ಹೋಗಾಕತ್ತೀನಿ" ಎಂದಿತು ಅಜ್ಜಿ. "ಅಳಿಯಾ ಏನ್ ಅಂದಾನ ಗೊತ್ತೇನು ನನ್ ಮಗಳಿಗೆ?"

ಅಳಿಯ ಅಂದದ್ದನ್ನೆಲ್ಲ ಕೇಳಿಸಿಕೊಂಡೆ. ನನ್ನ ಕಾಗದದಲ್ಲಿ ಸಿಟ್ಟಿಗೆ ಜಾಗ ಇರಲಿಲ್ಲ. 'ಬಸ್ಸು' ಎಂದು ಬರೆದುಕೊಂಡು ಮುಂದೆ ಹೋದೆ.

ಅಂತೂ ಮೂರು ಊರು ತಿರುಗಿ ಒಂದು ಕರಡು ತಯಾರಾಯಿತು. ಅದರ ಸಾರ ಬಹಳ ಸರಳ. ನಮ್ಮ ಪಟ್ಟಣಗಳು ಬೆಳೆದಿದ್ದರೂ ಒಂದು ತುದಿಯಿಂದ ಇನ್ನೊಂದು ತುದಿಗೆ ಸೈಕಲ್ಲಿನಲ್ಲಿ ಹೋಗಬಹುದು. ನಡೆಯಲು ಜಾಗ, ಸೈಕಲ್ಲಿಗೆ ಜಾಗ, ಹಳ್ಳಿಗಳಿಗೆ ಹೊತ್ತಿಗೆ ಸರಿಯಾಗಿ ಬಸ್ಸು, ಇವಿಷ್ಟನ್ನು ಈಗಲೇ ಮಾಡಿಟ್ಟರೆ ಜನ ಬೈಕನ್ನೇ ನೆಚ್ಚಬೇಕಾಗಿಲ್ಲ. ಇದನ್ನು ಆಳಂದ ಪುರಸಭೆಯ ಸಭೆಯಲ್ಲಿ ದೊಡ್ಡ ಪರದೆಯ ಮೇಲೆ ಚಿತ್ರ ತೋರಿಸಿ ವಿವರಿಸಿದೆ. ಚೆನ್ನಾಗಿಯೇ ಮಾತಾಡಿದೆ ಅನ್ನಿಸಿತು. ಮುಗಿದ ಮೇಲೆ ಒಬ್ಬ ಹಿರಿಯ ಸದಸ್ಯರು ಎದ್ದು ನಿಂತರು. ತೊಗರಿ ವ್ಯಾಪಾರ ಮಾಡುವ, ಊರೆಲ್ಲ ಚಾಚಾ ಎಂದು ಕರೆಯುವ ಮನುಷ್ಯ. ಬಿಳಿ ಗಡ್ಡ ಸವರಿಕೊಳ್ಳುತ್ತ ಕೇಳಿದರು.

"ಮೇಡಂ, ಒಂದ್ ಸವಾಲ್ ಅದ. ನೀವ್ ಈಗ ಆಫೀಸಿಗಿ ಹೆಂಗ್ ಬಂದ್ರಿ?"

"ನಮ್ಮನಿಯವರ ಬೈಕ್ ಮ್ಯಾಲ್ರೀ."

"ಮನಿ ಎಲ್ಲಿ ನಿಮ್ದು?"

ಹೇಳಿದೆ.

"ಅರೆ! ಅಲ್ಲಿಂದ ಒದರಿದ್ರ ಇಲ್ಲಿ ಕೇಳ್ತದಲ್ರೀ!" ಎಂದರು ಚಾಚಾ. ಸಭೆ ನಕ್ಕಿತು. ನಗು ಇಳಿದ ಮೇಲೆ ಅವರು ಪೂರಾ ಮರ್ಯಾದೆಯಿಂದಲೇ ಮುಂದುವರಿಸಿದರು. "ಸೈಕಲ್ ಹೊಡಿಲಾಕ ಬರ್ತದೇನ್ರಿ ನಿಮಗ?"

"ಇಲ್ರೀ" ಎಂದೆ.

ಬರುತ್ತಿರಲಿಲ್ಲ. ನರೋಣಾದ ನಮ್ಮ ಮನೆಯಲ್ಲಿ ಇದ್ದ ಒಂದೇ ಸೈಕಲ್ಲಿಗೆ ಅಣ್ಣಂದಿರೇ ಜಗಳಾಡುತ್ತಿದ್ದರು, ನನ್ನ ಪಾಳಿ ಬರುವ ಮುಂಚೆ ಅದಕ್ಕೆ ತುಕ್ಕು ಹಿಡಿಯಿತು. ಹುಡುಗಿಯರಿಗೆ ಶಾಲೆಯಲ್ಲೇ ಸೈಕಲ್ಲು ಕೊಡುವ ಕಾಲ ಬರುವ ಹೊತ್ತಿಗೆ ನಾನು ಶಾಲೆ ಮುಗಿಸಿದ್ದೆ. ಇದನ್ನೆಲ್ಲ ಸಭೆಗೆ ಹೇಳುವಷ್ಟರಲ್ಲಿ ಕಚೇರಿಯ ಸಾಹೇಬರು, ನನ್ನ ಮರ್ಯಾದೆ ಕಾಪಾಡಬೇಕೆಂದೇ ಇರಬೇಕು, ಮೇಜು ತಟ್ಟಿದರು. ಬರುವ ತಿಂಗಳು ಒಂದು ದಿನ ಅಧಿಕಾರಿಗಳು, ಸದಸ್ಯರು ಎಲ್ಲರೂ ಸೈಕಲ್ಲಿನ ಮೇಲೇ ಕಚೇರಿಗೆ ಬರುವುದು ಎಂದು ಸಾರಿದರು. "ಮೇಡಂ ಎಲ್ಲರಕಿಂತ ಮುಂದ ಇರ್ತಾರ!" ಎಂದೂ ಸೇರಿಸಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ.

ಪಕ್ಕದ ಮನೆಯ ಹುಡುಗಿ ಕಾಲೇಜಿಗೆ ಹೋದಮೇಲೆ ಮೂಲೆಗೆ ಬಿದ್ದಿದ್ದ ಅವಳ ಶಾಲೆಯ ಸೈಕಲ್ಲನ್ನು ಕೇಳಿ ತಂದೆ. ಕಲಿಸುವ ಕೆಲಸವನ್ನು ಮೊದಲು ಹಿಡಿದವರು ನನ್ನ ಗಂಡ. ಅವರು ಭೂಸನೂರಿನಲ್ಲಿ ವಿಜ್ಞಾನದ ಮಾಸ್ತರು. ಭಾನುವಾರ ಮುಂಜಾನೆ ಮಾರ್ಕೆಟ್ ಯಾರ್ಡಿನ ಖಾಲಿ ಅಂಗಳಕ್ಕೆ ಕರೆದುಕೊಂಡು ಹೋಗಿ ಗುರುತ್ವಕೇಂದ್ರದಿಂದ ಪಾಠ ಶುರು ಮಾಡಿದರು. ನಾನು ಹತ್ತಿ ಕೂತೆ. ಅವರು ಹಿಂದಿನಿಂದ ಕ್ಯಾರಿಯರ್ ಹಿಡಿದು ತಳ್ಳಿದರು. "ಬಿಡಬ್ಯಾಡ್ರಿ, ಬಿಡಬ್ಯಾಡ್ರಿ" ಎನ್ನುತ್ತಲೇ ಇದ್ದೆ. ಅಷ್ಟರಲ್ಲಿ ಅವರ ಫೋನು ಬಡಿಯಿತು. ಅವರು "ಹಲೋ" ಎಂದದ್ದು ಬಹಳ ದೂರದಿಂದ ಕೇಳಿಸಿತು. ಎದುರಿಗೆ ಒಂದರ ಮೇಲೊಂದು ಒಟ್ಟಿದ ತೊಗರಿ ಚೀಲದ ನಿಟ್ಟು ಇತ್ತು. ನಾನು ಅದನ್ನು ನೋಡಿದೆ, ನೋಡಿದ್ದರಿಂದಲೇ ಸೈಕಲ್ಲು ಅತ್ತ ಹೋಯಿತು. ಚೀಲಗಳು ಮೆತ್ತಗಿದ್ದವು, ಹೀಗಾಗಿ ಮೂಳೆ ಉಳಿಯಿತು. ಗಂಡ ಓಡಿಬಂದು ಮೊದಲು ಸೈಕಲ್ಲನ್ನು ಎತ್ತಿದರು.

"ಮಂದಿ ಸೈಕಲ್ ಅದ, ಏನರ ಆದ್ರ?" ಎಂದರು.

ಮನೆಗೆ ಬಂದು ಮೊಣಕಾಲಿಗೆ ಅರಿಷಿಣ ಹಚ್ಚುವಾಗ ಅತ್ತೆ ಎಲ್ಲವನ್ನೂ ಕೇಳಿಸಿಕೊಂಡರು. ಆಮೇಲೆ, "ಇಂವಗೇನ್ ಬರ್ತದ ಕಲಸ್ಲಾಕ? ನಾಳಿಂದ ನಾ ಕಲಸ್ತೀನಿ" ಎಂದರು.

ಗಂಡ ನಕ್ಕರು. "ಅವ್ವಾ, ನಿನಗ ಸೈಕಲ್ ಬರ್ತದ?"

ಅತ್ತೆ ನರ್ಸಾಗಿದ್ದು ರಿಟೈರ್ ಆದವರು. ಜೇವರ್ಗಿ ಕಡೆಯ ಹಳ್ಳಿಗಳಲ್ಲಿ ಕೆಲಸ ಮಾಡಿದ್ದು ನಮಗೆಲ್ಲ ಗೊತ್ತಿತ್ತು. ಹಳ್ಳಿಯಿಂದ ಹಳ್ಳಿಗೆ ಹೇಗೆ ಹೋಗುತ್ತಿದ್ದರು ಎಂದು ಯಾರೂ ಕೇಳಿರಲಿಲ್ಲ.

"ನೀ ಹೊಟ್ಟ್ಯಾಗಿದ್ದಾಗ ಲಸಿಕಿ ಡಬ್ಬಿ ಕಟಗೊಂಡು ಊರೂರು ಸೈಕಲ್ ಹೊಡದೀನಿ. ನೀನೂ ನನ್ ಜೋಡಿ ತಿರಗೀದಿ. ನಿನಗ ನೆನಪಿಲ್ಲ, ಅಷ್ಟೇ" ಎಂದು ಮಗನಿಗೆ ಹೇಳಿ, ನನ್ನ ಕಡೆ ತಿರುಗಿ, "ನಾಳಿ ಸೀರಿ ಬ್ಯಾಡ, ಚೂಡಿದಾರ ಹಾಕ್ಕೋ" ಎಂದರು. ಮದುವೆಯಾದಂದಿನಿಂದ ನಾನು ಕೇಳಲು ಕಾಯುತ್ತಿದ್ದ ಮಾತು ಅದು. ಸೈಕಲ್ಲಿನ ಮೊದಲ ಲಾಭ ಅಲ್ಲಿಯೇ ಸಿಕ್ಕಿತು.

ಅತ್ತೆಯ ಪಾಠಕ್ರಮ ಬೇರೆ. ಯಾರ್ಡಿನ ನಡುವೆ ಪ್ಲಾಸ್ಟಿಕ್ ಕುರ್ಚಿ ಹಾಕಿಸಿಕೊಂಡು ಕೂತು, "ನನ್ ಸುತ್ತ ಹೊಡಿ, ಕಣ್ ಮುಂದಿರು" ಎಂದರು. ನಾನು ಅವರನ್ನು ಎಡಗಡೆ ಇಟ್ಟುಕೊಂಡು ಸುತ್ತಲು ಶುರು ಮಾಡಿದೆ.

"ಗಾಲಿ ಏನ್ ನೋಡ್ತಿ ಬೇ? ಅದೇನ್ ಓಡಿ ಹೋಗ್ತದ? ಮುಂದ್ ನೋಡ್!"

"ಬೀಳ್ತೀನ್ರಿ ಅತ್ತಿ!"

"ಬೀಳು! ನಾ ನರ್ಸಿದ್ದೀನಿ!"

ಈ ಧೈರ್ಯ ಕೆಲಸ ಮಾಡಿತು. ಮುಂದಿನ ಭಾನುವಾರದ ಹೊತ್ತಿಗೆ ನಾನು ಅತ್ತೆಯ ಸುತ್ತ ಗ್ರಹದಂತೆ ತಿರುಗುತ್ತಿದ್ದೆ. ಗಾಳಿ ಮುಖಕ್ಕೆ ಬಡಿಯುತ್ತಿತ್ತು. ಹಮಾಲರು ಕೆಲಸ ನಿಲ್ಲಿಸಿ ನೋಡುತ್ತಿದ್ದರು. ಅಷ್ಟು ಖುಷಿ ನನಗೆ ಡಿಗ್ರಿ ಬಂದಾಗಲೂ ಆಗಿರಲಿಲ್ಲ. ತೊಂದರೆ ಗೊತ್ತಾದದ್ದು ಗೇಟಿನ ಹೊರಗೆ ಬಂದಾಗ. ಎಡಕ್ಕೆ ಹ್ಯಾಂಡಲ್ ಸಲೀಸಾಗಿ ತಿರುಗಿತು. ಬಲಕ್ಕೆ ತಿರುಗಿಸಲು ಹೋದರೆ ಕಾಲು ತಾನಾಗಿಯೇ ನೆಲಕ್ಕೆ ಬಂತು. ಎಷ್ಟು ಸಲ ಮಾಡಿದರೂ ಅಷ್ಟೇ. ಅಷ್ಟೂ ದಿನ ಒಂದೇ ಕಡೆಗೆ ಸುತ್ತಿ ನಾನು ಎಡಕ್ಕೆ ಮಾತ್ರ ತಿರುಗುವ ಸವಾರಳಾಗಿದ್ದೆ.

"ಬಲಕ್ಕ ಏನ್ ಮಹಾ! ತಾ ಇಲ್ಲಿ, ತೋರಸ್ತೀನಿ" ಎಂದು ಅತ್ತೆ ಸೆರಗು ಸಿಕ್ಕಿಸಿಕೊಂಡು, ಕುರ್ಚಿಯ ಮೇಲೆ ಕಾಲಿಟ್ಟು ಸೈಕಲ್ಲು ಹತ್ತಿಬಿಟ್ಟರು. ನಾನು ಬೇಡ ಎನ್ನುವುದರೊಳಗೆ ಹೊರಟಾಗಿತ್ತು. ಬೆನ್ನು ನೆಟ್ಟಗೆ, ತಲೆ ಎತ್ತಿ, ಗೇಟಿನ ಹೊರಗೆ ಹೋಗಿ ಚೆಂದಾಗಿ ಬಲಕ್ಕೆ ತಿರುಗಿದರು. ಹಮಾಲರು ಸೀಟಿ ಹೊಡೆದರು. ನಾನು ಚಪ್ಪಾಳೆ ಹೊಡೆದೆ. ಅತ್ತೆ ಕಣ್ಮರೆಯಾದರು.

ವಾಪಸ್ ಬರಲೇ ಇಲ್ಲ.

ಬಹಳ ಹೊತ್ತು ಕಾದು ಗಂಡನಿಗೆ ಫೋನು ಮಾಡಿದೆ. ಅವರು ಬೈಕು ತಂದರು. ಇಬ್ಬರೂ ಗಾಬರಿಯಿಂದ ಊರೆಲ್ಲ ಸುತ್ತಿದೆವು. ನನ್ನ ಯೋಜನೆ ವರ್ಷಕ್ಕೆ ಉಳಿಸಬೇಕೆಂದಿದ್ದ ಪೆಟ್ರೋಲನ್ನು ಅವತ್ತು ಒಂದೇ ಬೆಳಿಗ್ಗೆ ಸುಟ್ಟೆವು ಅನ್ನಿಸುತ್ತದೆ. ಕೇಳಿದವರೆಲ್ಲ, "ಹೌದ್ರಿ, ಈಗಿಲ್ಲೇ ಹ್ವಾದ್ರು, ಭಾಳ ಜೋರಿದ್ರು" ಎನ್ನುತ್ತಿದ್ದರು. ಒಬ್ಬನಂತೂ, "ಎರಡ್ ಸಲ ಹ್ವಾದ್ರು" ಎಂದ. ಕಡೆಗೆ ಊರಾಚೆಯ ಹೊಸ ಬಡಾವಣೆಯಲ್ಲಿ, ಅವರ ಜೊತೆ ಕೆಲಸ ಮಾಡಿದ್ದ ಇನ್ನೊಬ್ಬ ನರ್ಸಮ್ಮನ ಮನೆಯ ಮುಂದೆ ಸೈಕಲ್ಲು ಕಾಣಿಸಿತು. ಅತ್ತೆ ಕಟ್ಟೆಯ ಮೇಲೆ ಕೂತು ಚಹಾ ಕುಡಿಯುತ್ತಿದ್ದರು.

"ಏನವ್ವಾ ಇದು! ಹೇಳ್ದೆ ಕೇಳ್ದೆ ಗೆಳತಿ ಮನಿಗಿ ಬಂದೀದಿ?" ಎಂದು ಗಂಡ ರೇಗಿದರು.

"ಬಂದಿಲ್ಲೋ, ಬಂದಂಗಾತು" ಎಂದರು ಅತ್ತೆ. "ಏರೂದು ನೆನಪಿತ್ತು, ಇಳಿಯೂದು ಮರ್ತಿತ್ತು. ಈ ಮೊಣಕಾಲ್ ಬಗ್ಗವಲ್ದು. ಕಾಲಿಡ್ಲಾಕ ಒಂದ್ ಕಟ್ಟಿ ಸಿಗೂತನ ಹೊಡದೆ. ಇಡೀ ಊರಾಗ ಒಂದ್ ಛಲೋ ಕಟ್ಟಿ ಇಲ್ಲ ನೋಡು, ಎಲ್ಲಾ ಒಡದು ಅಂಗಡಿ ಮಾಡ್ಯಾರ."

ನರ್ಸಮ್ಮ ನಕ್ಕು ನಕ್ಕು ಚಹಾ ಚೆಲ್ಲಿದರು. ಮರುದಿನ ಅತ್ತೆಯ ಸೊಂಟ ಹಿಡಿಯಿತು. ಬಲಕ್ಕೆ ತಿರುಗುವ ಪಾಠ ಅಲ್ಲಿಗೇ ನಿಂತಿತು, ಸಾಹೇಬರು ಸಾರಿದ್ದ ಸೈಕಲ್ಲಿನ ದಿನ ಮಾತ್ರ ಹತ್ತಿರ ಬರುವುದು ನಿಲ್ಲಲಿಲ್ಲ.

ನಮ್ಮ ಮನೆಯಿಂದ ಕಚೇರಿಗೆ ಒಂದೇ ಒಂದು ತಿರುವು. ಅದು ಬಲಕ್ಕೆ. ನಾನು ಊರಿನ ನಕ್ಷೆ ಹರಡಿಕೊಂಡು ಕೂತು, ಬರೀ ಎಡ ತಿರುವುಗಳಲ್ಲಿ ಕಚೇರಿ ಮುಟ್ಟುವ ದಾರಿ ಹುಡುಕಿದೆ. ಬಜಾರು ಹಾದು, ಹೆಣ್ಣುಮಕ್ಕಳ ಶಾಲೆಯ ಮುಂದೆ ಬಂದು, ಮೂರು ಗಾಲಿಯ ಟಂಟಂ ಗಾಡಿಗಳು ಹಳ್ಳಿಯ ಮಂದಿಯನ್ನು ತುಂಬಿಕೊಳ್ಳುವ ಜಾಗ ದಾಟಿ, ಊರನ್ನೇ ಅಪ್ಪಿಕೊಂಡಂತೆ ಹೋಗುವ ದಾರಿ. ಸಾಹೇಬರು ನಕ್ಷೆ ನೋಡಿ ಹುಬ್ಬೇರಿಸಿದರು.

"ಇಷ್ಟ್ ಸುತ್ತಾಕಿ ಯಾಕ್ರಿ ಮೇಡಂ?"

"ಸರ್, ನನಗ ಬಲಕ್ಕ ತಿರಗಲಾಕ ಬರಂಗಿಲ್ಲ."

ಸಾಹೇಬರು ಕನ್ನಡಕ ತೆಗೆದು ಒರೆಸಿದರು. ತುಟಿಯ ಮೇಲೆ ಕೈ ಇಟ್ಟುಕೊಂಡು ಸ್ವಲ್ಪ ಹೊತ್ತು ಕಿಟಕಿ ನೋಡಿದರು. ಭುಜ ಅಲುಗುತ್ತಿತ್ತು. ಆಮೇಲೆ, "ಜನಜಾಗೃತಿ ಜಾಥಾ ಅಂತ ಬರೀರಿ" ಎಂದು ಸಹಿ ಹಾಕಿದರು.

ಜಾಥಾದ ದಿನ ಪೊಲೀಸರು ಬಜಾರಿನ ತುದಿಗಳಲ್ಲಿ ಕಬ್ಬಿಣದ ಅಡ್ಡಗಟ್ಟೆ ಇಟ್ಟು, ನಾವು ಹೋಗುವ ದಿಕ್ಕಿಗೆ ಮಾತ್ರ ಗಾಡಿ ಬಿಡುತ್ತಿದ್ದರು. ತೊಗರಿ ಬರುವ ಕಾಲ, ಟ್ರ್ಯಾಕ್ಟರುಗಳು ಒಂದರ ಹಿಂದೊಂದು ಇದ್ದವು. ನಾನು ಮುಂದೆ. ನನ್ನ ಪಕ್ಕದಲ್ಲಿ ಚಾಚಾ, ತಮ್ಮ ಎತ್ತರದ ಹಳೆಯ ಸೈಕಲ್ಲಿನ ಮೇಲೆ ಕುದುರೆಯ ಮೇಲೆ ಕೂತಂತೆ ಬರುತ್ತಿದ್ದರು, ದಾರಿಯುದ್ದಕ್ಕೂ ಮಾತಾಡುತ್ತಿದ್ದರು. ನನ್ನ ಗಮನವೆಲ್ಲ ಮುಂದಿನ ಗಾಲಿಯ ಮೇಲಿತ್ತು. ಬೀಳದಿರುವುದು, ಕೇಳಿಸಿಕೊಳ್ಳುವುದು ಎರಡನ್ನೂ ಒಟ್ಟಿಗೆ ಮಾಡಲಾಗದೆ, ಅವರು ಏನೇ ಹೇಳಿದರೂ "ಹೌದ್ರಿ, ಹೌದ್ರಿ" ಎನ್ನುತ್ತ ಹೋದೆ. ಆ ಮುಂಜಾನೆ ನಾನು ಹಮಾಲರಿಗೆ ಬೇವಿನ ನೆರಳಲ್ಲಿ ಕುಳಿತುಕೊಳ್ಳುವ ಕಟ್ಟೆ, ಕುಡಿಯುವ ನೀರಿನ ಟಾಕಿ, ಶಾಲೆಯ ಮುಂದೆ ರಸ್ತೆ ದಾಟಲು ಜಾಗ ಇಷ್ಟನ್ನೂ ಒಪ್ಪಿಕೊಂಡಿದ್ದೆನೆಂದು ಆಮೇಲೆ ಗೊತ್ತಾಯಿತು. ಮರುವಾರ ಚಾಚಾ ಕಚೇರಿಗೆ ಬಂದು, "ಜಬಾನ್ ಕೊಟ್ಟೀರಿ ಮೇಡಂ, ಮಾತಿಗಿ ತಪ್ಪಬ್ಯಾಡ್ರಿ" ಎಂದು ಎದುರಿಗೆ ಕೂತರು. ಕೇಳಿದ್ದೆಲ್ಲ ನ್ಯಾಯವಾಗಿಯೇ ಇತ್ತು. ಯೋಜನೆಯಲ್ಲಿ ಸೇರಿಸಿದೆ.

ಸಾಹೇಬರದು ಬೇರೆ ಕಥೆ. ಅವರು ಶಾಲೆ ಬಿಟ್ಟ ಮೇಲೆ ಸೈಕಲ್ಲು ಮುಟ್ಟಿದವರಲ್ಲ, ಮೈಯೂ ಭಾರ. ಬಜಾರಿನ ನಡುವೆ ಪ್ಯಾಂಟಿನ ಕಾಲು ಚೈನಿಗೆ ಸಿಕ್ಕಿ ಪರ್ ಎಂದು ಹರಿಯಿತು. ಇಳಿದು ಸೈಕಲ್ಲು ತಳ್ಳಿಕೊಂಡು, ಹರಿದ ಕಾಲನ್ನು ಒಂದು ಕೈಯಲ್ಲಿ ಮುಚ್ಚಿಕೊಂಡು ನಡೆದು ಬರಬೇಕಾಯಿತು. ನಾವೆಲ್ಲ ಕಚೇರಿ ಮುಟ್ಟಿ ಫೋಟೊ ತೆಗೆಸಿಕೊಂಡು ಉಪ್ಪಿಟ್ಟು ತಿಂದಾದ ಮೇಲೆ ಬೆವರು ಒರೆಸಿಕೊಳ್ಳುತ್ತ ಬಂದರು.

"ಮೇಡಂ, ಬಜಾರದಾಗ ನಡಿಯಾಕ ಜಾಗಾನೇ ಇಲ್ಲಲ್ರಿ! ಒಂದ್ ಕಡಿ ಬೋರ್ಡು, ಒಂದ್ ಕಡಿ ಬೈಕು, ನಡುವ ಟ್ರ್ಯಾಕ್ಟರ್. ಹೆಣ್ಮಕ್ಕಳು ಹೆಂಗ್ ಹೋಗ್ತಾರ್ರಿ?"

"ಕರಡಿನಾಗ ಬರದೀನಲ್ರಿ ಸರ್."

"ಅದ್ ಓದೀನ್ರಿ" ಎಂದು ಸಾಹೇಬರು ಪ್ಯಾಂಟು ನೋಡಿಕೊಂಡರು. "ಓದಿದಾಗ ಹಿಂಗ್ ಅನಿಸಿರ್ಲಿಲ್ಲ."

ಆ ಸಂಜೆ ಅಡ್ಡಗಟ್ಟೆಗಳನ್ನು ಒಯ್ಯಬೇಕಾದ ಗಾಡಿ ಕೆಟ್ಟಿತು. ಮರುದಿನ ಅವು ಅಲ್ಲಿಯೇ ನಿಂತಿದ್ದವು. ಬಜಾರಿನ ಮಂದಿ, "ಒನ್ ವೇ ಆಗ್ಯಾದಂತ" ಎಂದು ಒಬ್ಬರಿಗೊಬ್ಬರು ಹೇಳಿದರು. ಯಾರು ಮಾಡಿದರು ಎಂದು ಯಾರೂ ಕೇಳಲಿಲ್ಲ. ಟ್ರ್ಯಾಕ್ಟರಿನವರು ಬೈದುಕೊಂಡರೂ ಎಡಕ್ಕೇ ಸುತ್ತಿ ಬಂದರು. ಟಂಟಂನವರು ಜಗಳಕ್ಕೆಂದೇ ಕಚೇರಿಗೆ ಹೊರಟವರು, ಎದುರು ಗಾಡಿ ಇಲ್ಲದೆ ಬಜಾರು ದಾಟಿ ಬೇಗ ಬಂದುಬಿಟ್ಟು, ಜಗಳದ ಹುರುಪೇ ಇಳಿದು ಬಾಗಿಲಲ್ಲಿ ನಿಂತರು. ಅವರ ಮುಖ್ಯಸ್ಥ ತಲೆ ಕೆರೆದುಕೊಂಡ.

"ಮೊದಲ್ ಅಲ್ಲಿ ಗಾಡಿ ಚಾಲೂ ಇಟಗೊಂಡು ನಿಂದ್ರತಿದ್ವಿ, ಡೀಸೆಲ್ ಹಂಗೇ ಸುಡ್ತಿತ್ತು. ಈಗ ನಿಂದ್ರೂದೇ ಇಲ್ರೀ. ಇರ್ಲಿ ಬಿಡ್ರಿ ಹಂಗೇ."

ನಿಂತ ಗಾಡಿಗಳ ಹೊಗೆ ಕಡಿಮೆ ಮಾಡುವುದು ಹೇಗೆ ಎಂದು ನಾನು ಪುಟಗಟ್ಟಲೆ ಬರೆದಿದ್ದೆ. ಅಡ್ಡಗಟ್ಟೆಗಳು ಉಳಿದವು. ಸಾಹೇಬರು ಅದನ್ನೇ ಸಭೆಯಲ್ಲಿ ಮಂಜೂರು ಮಾಡಿಸಿ, ಗಾಡಿ ಒಂದೇ ದಿಕ್ಕಿಗೆ ಹೋಗುವುದರಿಂದ ಉಳಿದ ಜಾಗದಲ್ಲಿ ಒಂದು ಪಟ್ಟಿಯನ್ನು ನಡೆಯುವವರಿಗೆ, ಸೈಕಲ್ಲಿನವರಿಗೆ ಬಿಡಿಸಿದರು. ಅಂಗಡಿಯವರು ಅದರ ಮೇಲೆ ಮೊದಲು ಬೋರ್ಡು ಇಟ್ಟರು. ಚಾಚಾ ಬೆಳಗ್ಗೆ ಬೆಳಗ್ಗೆ ಸೈಕಲ್ಲಿನಲ್ಲಿ ಬಂದು ಪ್ರತಿ ಬೋರ್ಡಿನ ಮುಂದೆಯೂ ಗಂಟೆ ಬಾರಿಸುತ್ತ ನಿಲ್ಲುತ್ತಿದ್ದರು. ಅವರ ಗಂಟೆ ತಾಳಲಾರದೆ ಬೋರ್ಡುಗಳು ಒಳಗೆ ಹೋದವು.

ಸುದ್ದಿ ಅಫಜಲಪುರಕ್ಕೆ ಮುಟ್ಟಿತು. ಅಲ್ಲಿಂದ ಕೆಲವರು ನಮ್ಮ ಮನೆಗೇ ಬಂದರು. "ಈ ಎಡ ತಿರುವಿನ ತತ್ವ ಏನ್ರಿ ಮೇಡಂ? ಹೊರದೇಶದ್ದೇನು?" ಎಂದು ಬಹಳ ಗಂಭೀರವಾಗಿ ಕೇಳಿದರು. ನಾನು ಉತ್ತರ ಜೋಡಿಸಿಕೊಳ್ಳುತ್ತಿದ್ದೆ. ಚಹಾ ತಂದ ಅತ್ತೆ, "ತತ್ವ ಗಿತ್ವ ಏನಿಲ್ರಿ. ಆಕಿಗಿ ಬಲಕ್ಕ ತಿರಗಲಾಕ ಬರಂಗಿಲ್ಲ" ಎಂದರು. ಬಂದವರು ಅದನ್ನು ಒಳ್ಳೆಯ ವಿನೋದ ಎಂದುಕೊಂಡು ನಕ್ಕು, ನಕ್ಷೆಯ ಫೋಟೊ ತೆಗೆದುಕೊಂಡು ಹೋದರು. ಅಲ್ಲಿ ಅದು ಅರ್ಧ ಮಾತ್ರ ನಡೆಯಿತು. ಹೊಸ ದಾರಿ ಶುರುವಾದ ದಿನವೇ ಒಂದು ಮದುವೆಯ ಮೆರವಣಿಗೆ ಬ್ಯಾಂಡ್ ಸಮೇತ ಎದುರು ದಿಕ್ಕಿನಿಂದ ಬಂತು. ಮದುಮಗನನ್ನು ಹಿಂದಕ್ಕೆ ತಿರುಗಿಸುವುದು ಅಪಶಕುನ ಎಂದು ಊರೇ ದಾರಿ ಬಿಟ್ಟಿತು. ಅಂದಿನಿಂದ ಅಲ್ಲಿ ಮುಹೂರ್ತವಿಲ್ಲದ ದಿನ ಮಾತ್ರ ಒನ್ ವೇ.

ನನ್ನ ಗಂಡನೂ ಬದಲಾದರು. ಒಂದು ಸಂಜೆ ಭೂಸನೂರಿನಿಂದ ಅವರೂ ಸೇರಿ ಮೂವರು ಮಾಸ್ತರರು ಒಂದೇ ಬೈಕಿನ ಮೇಲೆ ಅಂಟಿಕೊಂಡು ಬಂದಿಳಿದರು. "ತಲಿಗಿ ಎಷ್ಟ್ ಹೊಗಿ ಕಮ್ಮಿ ಆತು, ಲೆಕ್ಕಾ ಮಾಡು" ಎಂದರು ಗಂಡ ಹೆಮ್ಮೆಯಿಂದ. ಮೂವರು ಕೂರುವುದು ಕಾನೂನಿಗೆ ವಿರುದ್ಧ ಎಂದೆ. ಮರುದಿನದಿಂದ ಮೂವರೂ ಬಸ್ಸಿಗೆ ಹೋಗತೊಡಗಿದರು. ಬೈಕನ್ನು ಅವರು ಈಗಲೂ ದಿನಾ ಒರೆಸುತ್ತಾರೆ.

ಜೇವರ್ಗಿಯಲ್ಲಿ ಮಾತ್ರ ನನ್ನ ಯಾವ ವಿದ್ಯೆಯೂ ನಡೆಯಲಿಲ್ಲ. ಅಲ್ಲಿ ಹೆದ್ದಾರಿಯ ಲಾರಿಗಳು ಯಾರ ಮಾತೂ ಕೇಳುವುದಿಲ್ಲ. ಅತ್ತೆ ತಮ್ಮ ಹಳೆಯ ಊರುಗಳನ್ನು ನೋಡುವ ಆಸೆಯಿಂದ ನನ್ನ ಜೊತೆ ಬಂದಿದ್ದರು. ನಾನು ರಸ್ತೆ ಅಳೆಯುತ್ತಿದ್ದಾಗ ಅವರು ಹೊಸ ಬಡಾವಣೆಯ ಮೂಲೆಯಲ್ಲಿ ಬಿಸಿಲಿಗೆ ನಿಂತ ಹೆಂಗಸರ ಜೊತೆ ಕೂಡಿಬಿಟ್ಟರು. ಅವರಲ್ಲಿ ಒಬ್ಬಳಿಗೆ ಅವಳು ಕೂಸಾಗಿದ್ದಾಗ ಅತ್ತೆಯೇ ಲಸಿಕೆ ಹಾಕಿದ್ದರಂತೆ. "ಎಷ್ಟ್ ಅತ್ತಿದ್ದಿ ಬೇ ನೀ!" ಎಂದು ಎಲ್ಲರೆದುರು ನೆನಪಿಸಿದರು. ಆ ಹೆಂಗಸರು ಹೇಳಿದ್ದು ಒಂದೇ ಮಾತು. ಬಸ್ಸು ಇದೇ ದಾರಿಯಲ್ಲಿ ಹೋಗುತ್ತದೆ, ಇಲ್ಲಿ ನಿಲ್ಲುವುದಿಲ್ಲ. ಕೈ ಮಾಡಿದರೆ ಡ್ರೈವರು ತಿರುಗಿಯೂ ನೋಡುವುದಿಲ್ಲ. ಅದಕ್ಕೇ ಕಂಡವರ ಬೈಕಿಗೆ, ಇಲ್ಲವೇ ತುಂಬಿ ತುಳುಕುವ ಟಂಟಂಗೆ ಜೋತುಬೀಳಬೇಕು.

ಜೇವರ್ಗಿಯ ಯೋಜನೆಯಲ್ಲಿ ನಾನು ಬರೆದ ಮೊದಲ ಸಾಲು ಅದೇ: ಇಲ್ಲಿ ಬಸ್ಸು ನಿಲ್ಲಬೇಕು, ನಿಂತವರಿಗೆ ನೆರಳಿರಬೇಕು. ಅದಕ್ಕಾಗಿ ಎಷ್ಟು ಸಲ ಓಡಾಡಿದೆ, ಎಷ್ಟು ಕಚೇರಿ ಹತ್ತಿ ಇಳಿದೆ ಎಂಬುದು ಹೇಳುವಂಥದ್ದಲ್ಲ. ಅಂತೂ ತಗಡಿನ ಸಣ್ಣ ನೆರಳು ಎದ್ದಿತು, ಕಲ್ಲಿನ ಆಸನ ಬಂತು, ಬಸ್ಸಿಗೆ ಆದೇಶವೂ ಆಯಿತು. ಮೊದಲ ದಿನ ನೋಡಲು ನಾನೂ ಅತ್ತೆಯೂ ಹೋದೆವು. ಹೆಂಗಸರೆಲ್ಲ ನೆರಳಿಗೆ ಕೂತಿದ್ದರು, ಅತ್ತೆ ನಡುವೆ. ತಾವು ಹಿಂದೆ ಮಾಡಿಸಿದ ಯಾರದೋ ಹೆರಿಗೆಯ ಕಥೆಯನ್ನು ಅತ್ತೆ ಹೇಳುತ್ತಿದ್ದರು. ದೂರದಲ್ಲಿ ಬಸ್ಸು ಕಂಡಿತು. ಹತ್ತಿರ ಬಂತು, ಮೆಲ್ಲಗಾಯಿತು, ಸರಿಯಾಗಿ ನಮ್ಮ ಮುಂದೆ ನಿಂತೇ ನಿಂತಿತು. ಬಾಗಿಲು ತೆರೆಯಿತು. ಯಾರೂ ಏಳಲಿಲ್ಲ.

ಕಂಡಕ್ಟರ್ ತಲೆ ಹೊರಗೆ ಹಾಕಿದ. "ಬರ್ರಿ ಅಕ್ಕಾರ, ಏರ್ರಿ ಲಗೂ!"

ಅತ್ತೆ ಅವನ ಕಡೆ ಕೈ ಎತ್ತಿದರು. "ತಡಿಯೋ ಜರಾ. ಕೂಸ್ ಇನ್ನಾ ಹುಟ್ಟಿಲ್ಲ."

ಡ್ರೈವರು ಎಂಜಿನ್ ಬಂದ್ ಮಾಡಿ ಕಾದ.